1994ರ ರೆಸಲ್‌ಮೇನಿಯಾ 10: ಅಷ್ಟು ದೊಡ್ಡ ಪಂದ್ಯವನ್ನು ಮೊದಲಿಗೇ ಏಕೆ ಇಟ್ಟರು?

ಪ್ರಶ್ನೆ (ಹೊಸನಗರ)

ಎಲ್ಲರಿಗೂ ನಮಸ್ಕಾರ. 1994ರ ಮಾರ್ಚ್ 20ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ, ಅಮೆರಿಕದ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ಸಂಸ್ಥೆ ವರ್ಷಕ್ಕೊಮ್ಮೆ ನಡೆಸುವ ಕುಸ್ತಿ ಕಾರ್ಯಕ್ರಮವಾದ, ಹತ್ತನೆಯ ರೆಸಲ್‌ಮೇನಿಯಾವನ್ನು ನಾನು ಮೊದಲ ಸಲ ನೋಡಿದ್ದು ಬಾಡಿಗೆ ಕ್ಯಾಸೆಟ್ಟಿನಲ್ಲಿ. ನಮ್ಮೂರಿಗೆ ಆಗ ಕೇಬಲ್ ಬಂದಿರಲಿಲ್ಲ. ಪೇಟೆಯ ವಿಡಿಯೋ ಲೈಬ್ರರಿಯಿಂದ ಒಂದು ದಿನದ ಮಟ್ಟಿಗೆ ವಿಸಿಆರ್ ಮತ್ತು ಕ್ಯಾಸೆಟ್ಟುಗಳನ್ನು ತಂದು, ಆರಿದ್ರಾ ಮಳೆ ಬಿಡದೆ ಹೊಡೆಯುತ್ತಿದ್ದ ಒಂದು ರಾತ್ರಿ ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಕಂಬಳಿ ಹೊದ್ದು ಹತ್ತು ಹನ್ನೆರಡು ಹುಡುಗರು ಕುಳಿತು ನೋಡಿದೆವು. ಆ ಕ್ಯಾಸೆಟ್ಟಿನ ಮೊದಲ ಅರ್ಧ ಗಂಟೆಯ ಮೇಲೆ ಯಾರೋ ಒಂದು ಮದುವೆಯ ಧಾರೆಯನ್ನು ತುಂಬಿಸಿದ್ದರು. ಹೀಗಾಗಿ ನಮಗೆ ಸಿಕ್ಕಿದ್ದು ಎರಡನೆಯ ಪಂದ್ಯದಿಂದ ಮುಂದಿನ ಭಾಗ ಮಾತ್ರ.

ಕೊನೆಯ ಪಂದ್ಯದಲ್ಲಿ ಬ್ರೆಟ್ ಹಾರ್ಟ್ ಯೊಕೊಜುನಾನನ್ನು ಸೋಲಿಸಿ ಪಟ್ಟ ಗೆದ್ದ. ಉಳಿದ ಪೈಲ್ವಾನರು ಒಳಗಿನಿಂದ ಓಡಿ ಬಂದು ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಅದೇ ಹೊತ್ತಿಗೆ ರಿಂಗಿಗೆ ಬರುವ ದಾರಿಯಲ್ಲಿ ಹೊಂಬಣ್ಣದ ಕೂದಲಿನ ಒಬ್ಬ ಯುವಕ ಕದಲದೆ ನಿಂತು ನೋಡುತ್ತಿದ್ದ. ಕಾರ್ಡುಗಳನ್ನು ಕೂಡಿಡುತ್ತಿದ್ದ ನಮ್ಮ ಹುಡುಗನೊಬ್ಬ ಅವನು ಬ್ರೆಟ್‌ನ ತಮ್ಮ ಓವನ್ ಎಂದು ಗುರುತು ಹಿಡಿದ. ತಮ್ಮನಾದವನು ಅಣ್ಣನ ಗೆಲುವಿನಲ್ಲಿ ಏಕೆ ಸೇರಿಕೊಳ್ಳುತ್ತಿಲ್ಲ ಎಂಬುದು ಮಾತ್ರ ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ಅಳಿಸಿಹೋಗಿದ್ದ ಆ ಮೊದಲ ಪಂದ್ಯದಲ್ಲಿ ಇದೇ ಓವನ್ ತನ್ನ ಅಣ್ಣನನ್ನು ಸೋಲಿಸಿದ್ದನೆಂಬುದು ನನಗೆ ಗೊತ್ತಾದದ್ದು ಹಲವು ವರ್ಷಗಳ ನಂತರ, ಪೂರ್ತಿ ಕಾರ್ಯಕ್ರಮ ಅಂತರ್ಜಾಲದಲ್ಲಿ ಸಿಕ್ಕಾಗ.

ಈಗ ನನ್ನ ಅಕ್ಕನ ಮಗ ದಸರಾ ರಜೆಗೆ ಬರುತ್ತಿದ್ದಾನೆ. ಅವನಿಗೆ ಕುಸ್ತಿಯೆಂದರೆ ಪ್ರಾಣ, ಆದರೆ ನೋಡಿರುವುದೆಲ್ಲ ಮೊಬೈಲಿನ ಅರ್ಧ ನಿಮಿಷದ ತುಣುಕುಗಳು. ಅವನೊಡನೆ ಕುಳಿತು ಈ ಕಾರ್ಯಕ್ರಮವನ್ನು ಒಂದೊಂದೇ ಪಂದ್ಯವಾಗಿ ನೋಡಬೇಕೆಂದು ನನ್ನ ಆಸೆ. ಬಲ್ಲವರಲ್ಲಿ ನಾನು ಕೇಳುವುದು ಇಷ್ಟು. ಅಣ್ಣತಮ್ಮಂದಿರ ಪಂದ್ಯದಂಥ ದೊಡ್ಡ ಪಂದ್ಯವನ್ನು, ಜನ ಇನ್ನೂ ಕುರ್ಚಿ ಹುಡುಕುತ್ತಿರುವ ಹೊತ್ತಿನಲ್ಲಿ, ಎಲ್ಲಕ್ಕಿಂತ ಮೊದಲು ಏಕೆ ಇಟ್ಟರು? ನಡುವಿನ ಪಂದ್ಯಗಳಲ್ಲಿ ಕೆಲವು ತೀರಾ ಸಪ್ಪೆಯಾಗಿವೆ ಎಂದು ನನ್ನ ನೆನಪು. ಅವುಗಳನ್ನು ದಾಟಿಸಿದರೆ ಹುಡುಗನಿಗೆ ಏನಾದರೂ ತಪ್ಪಿಹೋಗುವುದೇ?

ಉತ್ತರ 1 (ಸಾಗರ)

ಹೊಸನಗರದ ಮಿತ್ರರೇ, ನಿಮ್ಮ ಕ್ಯಾಸೆಟ್ಟಿನ ಕಥೆಯಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಮೊದಲ ಪಂದ್ಯವಿಲ್ಲದೆ ಕೊನೆಯ ದೃಶ್ಯ ನಿಮಗೆ ಅರ್ಥವಾಗಲಿಲ್ಲ. ಈ ಕಾರ್ಯಕ್ರಮವನ್ನು ಕಟ್ಟಿದವರು ಒಂದೇ ಕಥೆಯ ಎರಡು ತುದಿಗಳನ್ನು ರಾತ್ರಿಯ ಎರಡು ತುದಿಗಳಲ್ಲಿ ನೆಟ್ಟು, ಉಳಿದದ್ದನ್ನೆಲ್ಲ ನಡುವೆ ತುಂಬಿದ್ದಾರೆ.

ಹಿನ್ನೆಲೆಯನ್ನು ಹುಡುಗನಿಗೆ ಮೊದಲೇ ಹೇಳಿಬಿಡಿ. 1993ರ ಏಪ್ರಿಲ್ 4ರಂದು ಲಾಸ್ ವೇಗಸ್‌ನಲ್ಲಿ ನಡೆದ ಒಂಬತ್ತನೆಯ ರೆಸಲ್‌ಮೇನಿಯಾದಲ್ಲಿ ಬ್ರೆಟ್ ಇದೇ ಯೊಕೊಜುನಾನಿಗೆ ಪಟ್ಟವನ್ನು ಕಳೆದುಕೊಂಡಿದ್ದ. ಯೊಕೊಜುನಾನ ಕಡೆಯ ಮಿಸ್ಟರ್ ಫ್ಯೂಜಿ ಬ್ರೆಟ್‌ನ ಕಣ್ಣಿಗೆ ಉಪ್ಪು ಎರಚಿದ್ದರಿಂದ ಆದ ಸೋಲು ಅದು. ಅನೇಕರು ಒಟ್ಟಿಗೆ ಸೆಣಸಿ ಕೊನೆಗೆ ಉಳಿದವನಿಗೆ ಪಟ್ಟದ ಪಂದ್ಯ ಸಿಗುವ 1994ರ ಜನವರಿಯ ರಾಯಲ್ ರಂಬಲ್‌ನಲ್ಲಿ ಕೊನೆಗೆ ಉಳಿದ ಬ್ರೆಟ್ ಮತ್ತು ಲೆಕ್ಸ್ ಲೂಗರ್ ಇಬ್ಬರೂ ಒಂದೇ ಕ್ಷಣದಲ್ಲಿ ಹೊರಗೆ ಬಿದ್ದುದರಿಂದ ಇಬ್ಬರನ್ನೂ ವಿಜಯಿಗಳೆಂದು ಸಾರಿದರು. ಯೊಕೊಜುನಾನನ್ನು ಮೊದಲು ಯಾರು ಎದುರಿಸಬೇಕೆಂದು ನಾಣ್ಯ ಚಿಮ್ಮಿದಾಗ ಗೆದ್ದವನು ಲೂಗರ್. ಅವರ ಪಂದ್ಯದಲ್ಲಿ ಗೆದ್ದವನೊಡನೆ ಬ್ರೆಟ್ ಕೊನೆಗೆ ಆಡಬೇಕಿತ್ತು. ಲೂಗರ್ ಆ ಪಂದ್ಯಕ್ಕೆ ದಣಿವಿಲ್ಲದೆ ಹೋಗುತ್ತಾನೆ. ಬ್ರೆಟ್ ಮಾತ್ರ ಪಟ್ಟದ ಪಂದ್ಯಕ್ಕೆ ಮುಂಚೆ ತನ್ನ ತಮ್ಮನೊಡನೆ ಒಂದು ಪಂದ್ಯ ಆಡಿಯೇ ಬರಬೇಕು. ಆ ಪಂದ್ಯವನ್ನು ರಾತ್ರಿಯ ನಡುವೆ ಇಟ್ಟಿದ್ದರೆ ಅದು ಒಂಬತ್ತರಲ್ಲಿ ಒಂದಾಗುತ್ತಿತ್ತು. ಮೊದಲಿಗೇ ಇಟ್ಟದ್ದರಿಂದ ಮುಂದಿನ ಎರಡು ಗಂಟೆ ಬ್ರೆಟ್ ಒಳಗಿನ ಕೋಣೆಯಲ್ಲಿ ಸೋತು ಕುಳಿತಿದ್ದಾನೆ ಎಂಬುದು ನೋಡುವವನ ಮನಸ್ಸಿನಲ್ಲಿ ಕೊರೆಯುತ್ತಲೇ ಇರುತ್ತದೆ.

ನಮ್ಮ ಕಡೆ ಬಯಲಾಟ ನೋಡಿದವರಿಗೆ ಇದು ಹೊಸದಲ್ಲ. ವಾಲಿ ಸುಗ್ರೀವರ ಕಾಳಗದಲ್ಲಿ ಯಾರು ಬೀಳುತ್ತಾರೆಂಬುದು ಸಭೆಯಲ್ಲಿ ಕುಳಿತ ಅಜ್ಜಿಗೂ ಗೊತ್ತು, ಮಡಿಲಲ್ಲಿ ಮಲಗಿದ ಮೊಮ್ಮಗನಿಗೂ ಗೊತ್ತು. ಆದರೂ ಸುಗ್ರೀವ ಮೊದಲ ಸಲ ಪೆಟ್ಟು ತಿಂದು ಓಡಿ ಬರುವುದನ್ನು ಕಾಣದವನಿಗೆ ಎರಡನೆಯ ಸಲ ಮಾಲೆ ಹಾಕಿಕೊಂಡು ಹೊರಡುವಾಗಿನ ಎದೆಬಡಿತ ಕೇಳಿಸುವುದಿಲ್ಲ. ಇಲ್ಲಿ ಮೊದಲ ಸಲ ಗೆದ್ದವನು ತಮ್ಮ ಎಂಬುದಷ್ಟೇ ವ್ಯತ್ಯಾಸ.

ಇನ್ನು ನಡುವಿನ ಪಂದ್ಯಗಳ ವಿಚಾರ. ಎರಡನೆಯದು ಬ್ಯಾಮ್ ಬ್ಯಾಮ್ ಬಿಗೆಲೊ ಮತ್ತು ಲೂನಾ ವಶಾನ್ ಒಂದು ಕಡೆ, ಕೋಡಂಗಿ ವೇಷದ ಡೋಯಿಂಕ್ ಮತ್ತು ಅವನ ಕುಳ್ಳ ಜೊತೆಗಾರ ಡಿಂಕ್ ಇನ್ನೊಂದು ಕಡೆ. ಆರು ನಿಮಿಷದ ಹಾಸ್ಯ ಭಾಗ ಎಂದು ತಿಳಿದು ನೋಡಬಹುದು. ಬಿಗೆಲೊನ ಬೋಳು ತಲೆಯ ಮೇಲಿನ ಬೆಂಕಿಯ ಹಚ್ಚೆಯನ್ನು ಹುಡುಗ ಖಂಡಿತ ಮೆಚ್ಚುತ್ತಾನೆ.

ಮೂರನೆಯದನ್ನು ದಾಟಿಸಬೇಡಿ. ರ್ಯಾಂಡಿ ಸ್ಯಾವೇಜ್ ಮತ್ತು ಕ್ರಷ್ ಒಂದು ಕಾಲದ ಗೆಳೆಯರು. ಯೊಕೊಜುನಾನೊಡನೆ ಸೆಣಸುವಂತೆ ತನ್ನನ್ನು ಹುರಿದುಂಬಿಸಿದ ಸ್ಯಾವೇಜ್ ಬೇಕಾದಾಗ ಕೈಬಿಟ್ಟ ಎಂಬುದು ಕ್ರಷ್‌ನ ಕೋಪ. ಎದುರಾಳಿಯನ್ನು ಎಲ್ಲಿ ಬೇಕಾದರೂ ಕೆಡವಬಹುದು, ಆದರೆ ಬಿದ್ದವನು 60 ಸೆಕೆಂಡುಗಳೊಳಗೆ ರಿಂಗಿಗೆ ಮರಳದಿದ್ದರೆ ಮಾತ್ರ ಸೋಲು ಎಂಬ ವಿಚಿತ್ರ ನಿಯಮವನ್ನು ಇದಕ್ಕೆ ಮಾಡಿದ್ದರು. ಈ ನಿಯಮದಿಂದ ಪಂದ್ಯದ ಓಟ ತಡೆದು ತಡೆದು ಸಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಕೊನೆಯಲ್ಲಿ ಸ್ಯಾವೇಜ್ ತೆರೆಯ ಹಿಂದೆ ಕ್ರಷ್‌ನ ಕಾಲಿಗೆ ಹಗ್ಗ ಬಿಗಿದು ಅವನನ್ನು ತಲೆಕೆಳಗಾಗಿ ಕಟ್ಟಿ, ಎಣಿಕೆ ಮುಗಿಯುವುದರೊಳಗೆ ತಾನು ರಿಂಗಿಗೆ ಓಡುತ್ತಾನಲ್ಲ, ಆ ಓಟದಲ್ಲಿ ಅವನ ಎಂಟು ವರ್ಷದ ರೆಸಲ್‌ಮೇನಿಯಾ ಬದುಕೆಲ್ಲ ಇದೆ. ರೆಸಲ್‌ಮೇನಿಯಾದಲ್ಲಿ ಅವನು ಆಡಿದ ಕೊನೆಯ ಪಂದ್ಯವೂ ಅದೇ. ಅದೇ ವರ್ಷ ಅವನು ಎದುರಾಳಿ ಸಂಸ್ಥೆಗೆ ಹೋದ.

ಜೋಡಿ ಪಟ್ಟದ ಪಂದ್ಯದಲ್ಲಿ ಮೆನ್ ಆನ್ ಎ ಮಿಷನ್ ಜೋಡಿ ಕ್ವಿಬೆಕರ್ಸ್ ಜೋಡಿಯನ್ನು ಗೆದ್ದದ್ದು ಹೊರಗಿನ ಎಣಿಕೆಯಿಂದ, ಎಂದರೆ ಎದುರಾಳಿಗಳು ಎಣಿಕೆಯೊಳಗೆ ರಿಂಗಿಗೆ ಮರಳದ್ದರಿಂದ. ಅಂಥ ಗೆಲುವಿಗೆ ಪಟ್ಟ ಸಿಗುವುದಿಲ್ಲ, ಹಾಗಾಗಿ ಪಟ್ಟ ಕೈ ಬದಲಾಗಲಿಲ್ಲ. ಇದರ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಅರ್ಥ್‌ಕ್ವೇಕ್ ಆಡಮ್ ಬಾಂಬ್‌ನನ್ನು ಕೆಡವಲು ತೆಗೆದುಕೊಂಡದ್ದು 35 ಸೆಕೆಂಡು, ಅದನ್ನು ದಾಟಿಸಲು ನೀವು ಗುಂಡಿ ಹುಡುಕುವಷ್ಟರಲ್ಲಿ ಅದೇ ಮುಗಿದಿರುತ್ತದೆ.

ಎಲ್ಲರೂ ಬೈಯುವ ಪಂದ್ಯವೆಂದರೆ ಯೊಕೊಜುನಾ ಮತ್ತು ಲೂಗರ್ ಅವರದು. ಸುಮಾರು ಹದಿನೈದು ನಿಮಿಷದ ಈ ಪಂದ್ಯದ ಬಹುಭಾಗದಲ್ಲಿ ಯೊಕೊಜುನಾ ಲೂಗರ್‌ನ ಕತ್ತು ಮತ್ತು ಹೆಗಲಿನ ನಡುವಿನ ನರ ಹಿಡಿದು ಕುಳಿತಿರುತ್ತಾನೆ. ನೋಡುವುದಕ್ಕೆ ಬೇಸರವೇ. ಹಾಗಿದ್ದರೂ ಇದನ್ನು ಪೂರ್ತಿ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. 1993ರ ಜುಲೈ 4ರಂದು ಒಂದು ಯುದ್ಧನೌಕೆಯ ಮೇಲೆ ಇದೇ ಯೊಕೊಜುನಾನನ್ನು ಎತ್ತಿ ಒಗೆದವನು ಲೂಗರ್. ಆಮೇಲೆ ಬಸ್ಸಿನಲ್ಲಿ ಅಮೆರಿಕವನ್ನೆಲ್ಲ ಸುತ್ತಿ ಅವನನ್ನು ದೇಶದ ನಾಯಕನೆಂದು ಬೆಳೆಸಿದ್ದರು. ಆ ರಾತ್ರಿ ಪಟ್ಟ ಅವನದೇ ಎಂದು ಅನೇಕರು ನಂಬಿದ್ದರು. ಲೂಗರ್ ಯೊಕೊಜುನಾನನ್ನು ಕೆಡವಿ ಮೇಲೆ ಒರಗಿದರೂ ರೆಫರಿಯಾಗಿದ್ದ ಮಿಸ್ಟರ್ ಪರ್ಫೆಕ್ಟ್ ಎಣಿಸದೆ, ಒಳಗೆ ಬಿದ್ದಿದ್ದ ಫ್ಯೂಜಿ ಮತ್ತು ಯೊಕೊಜುನಾನ ಇನ್ನೊಬ್ಬ ಸಹಾಯಕ ಕಾರ್ನೆಟ್‌ರ ಕಡೆ ನೋಡುತ್ತಾನೆ. ಸಹನೆ ಕಳೆದುಕೊಂಡ ಲೂಗರ್ ಅವನನ್ನು ತಳ್ಳುತ್ತಾನೆ, ತಳ್ಳಿದ್ದಕ್ಕೇ ಅನರ್ಹನಾಗುತ್ತಾನೆ. ಸಭೆಯ ಎರಡು ಆಸೆಗಳಲ್ಲಿ ಒಂದು ಅಲ್ಲಿಗೆ ಮುಗಿಯಿತು, ಉಳಿದದ್ದು ಮೊದಲ ಪಂದ್ಯದಲ್ಲೇ ಸೋತ ಬ್ರೆಟ್ ಒಬ್ಬನೇ. ಆ ಬೇಸರದ ಹದಿನೈದು ನಿಮಿಷಗಳನ್ನು ಅನುಭವಿಸದವನಿಗೆ ಕೊನೆಯ ಹತ್ತು ನಿಮಿಷಗಳ ರುಚಿ ಪೂರ್ತಿ ಹತ್ತುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 2 (ಶಿವಮೊಗ್ಗ)

ಸಾಗರದವರು ಬರೆದದ್ದನ್ನು ಓದಿ ಸಂತೋಷವಾಯಿತು. ನಾನು ಚಿಕ್ಕಂದಿನಲ್ಲಿ ಆರು ವರ್ಷ ಗರಡಿಯಲ್ಲಿ ಸಾಮು ಮಾಡಿದವನು, ಮಾರಿ ಜಾತ್ರೆಯ ಕುಸ್ತಿಗಳಲ್ಲಿ ಮಟ್ಟಿಗೆ ಇಳಿದವನು. ನಮ್ಮ ಗರಡಿಯ ಹಿರಿಯರು ಟಿವಿಯ ಕುಸ್ತಿಯನ್ನು ಕುಸ್ತಿಯೆಂದು ಒಪ್ಪುತ್ತಿರಲಿಲ್ಲ. ಅವರ ಮಾತಿನಲ್ಲಿ ಸತ್ಯವಿತ್ತು, ಏಕೆಂದರೆ 1989ರಲ್ಲಿ ಆ ಸಂಸ್ಥೆಯವರೇ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿದ್ದರು. ಹಾಗಿದ್ದರೂ ಬ್ರೆಟ್ ಮತ್ತು ಓವನ್‌ರ ಈ ಇಪ್ಪತ್ತು ನಿಮಿಷದ ಪಂದ್ಯವನ್ನು ನಾನು ನಮ್ಮ ಉಸ್ತಾದರಿಗೆ ಒಮ್ಮೆ ತೋರಿಸಿದಾಗ ಅವರು ಎದ್ದು ಹೋಗಲಿಲ್ಲ. ಕೊನೆಯವರೆಗೂ ಕುಳಿತು, ಈ ಇಬ್ಬರೂ ಒಂದೇ ಕೈಯಲ್ಲಿ ಕಲಿತವರು ಎಂದು ಹೇಳಿದರು. ಅದು ನಿಜವೆಂಬುದು ಅವರಿಗೆ ಗೊತ್ತಿರಲಿಲ್ಲ. ಕೆನಡಾದ ಕ್ಯಾಲ್ಗರಿಯಲ್ಲಿ ಇವರ ತಂದೆ ಸ್ಟೂ ಹಾರ್ಟ್ ಮನೆಯ ನೆಲಮಾಳಿಗೆಯಲ್ಲೇ ಗರಡಿಯಂಥದ್ದೊಂದನ್ನು ನಡೆಸುತ್ತಿದ್ದರು, ಗಂಡುಮಕ್ಕಳೆಲ್ಲ ಅಲ್ಲೇ ಪಳಗಿದವರು.

ಉಸ್ತಾದರಿಗೆ ಅದು ಹೇಗೆ ಕಂಡಿತು ಎಂಬುದನ್ನು ಹುಡುಗನಿಗೆ ತೋರಿಸಿ. ಮೊದಲ ಐದು ನಿಮಿಷದಲ್ಲಿ ಒಬ್ಬ ಕೈ ತಿರುಚಿದರೆ ಇನ್ನೊಬ್ಬ ಅದೇ ಕೈಯ ದಿಕ್ಕಿಗೆ ಉರುಳಿ ಬಿಡಿಸಿಕೊಂಡು ಅದೇ ಹಿಡಿತವನ್ನು ತಿರುಗಿ ಹಾಕುತ್ತಾನೆ. ಯಾರೂ ಮುಂದಿನ ಪಟ್ಟನ್ನು ಹುಡುಕುತ್ತಿಲ್ಲ, ಎದುರಿನವನು ಏನು ಮಾಡುತ್ತಾನೆಂಬುದು ಇಬ್ಬರಿಗೂ ಮೈಗೇ ಗೊತ್ತಿದೆ. ನಮ್ಮ ಗರಡಿಯಲ್ಲಿ ಒಂದೇ ಉಸ್ತಾದರ ಶಿಷ್ಯರಿಬ್ಬರ ಜೋಡಿಯನ್ನು ಜಾತ್ರೆಯಲ್ಲಿ ಕಟ್ಟುತ್ತಿರಲಿಲ್ಲ. ಪಟ್ಟುಗಳೆಲ್ಲ ಹಂಚಿಕೊಂಡವೇ ಆದಾಗ ಕೊನೆಗೆ ಹೊರಬರುವುದು ಮನಸ್ಸಿನಲ್ಲಿ ಇಟ್ಟುಕೊಂಡ ಹಗೆ ಮಾತ್ರ ಎಂದು ಉಸ್ತಾದರು ಹೇಳುತ್ತಿದ್ದರು. ಓವನ್ ಆಡಿದ್ದು ಅಕ್ಷರಶಃ ಅದನ್ನೇ. ಒಂದು ಸಣ್ಣ ಹಿಡಿತ ಬಿಡಿಸಿಕೊಂಡರೂ ಪಂದ್ಯವನ್ನೇ ಗೆದ್ದವನಂತೆ ಎರಡೂ ಕೈ ಮೇಲೆತ್ತಿ ಕುಣಿಯುತ್ತಾನೆ. ಆಮೇಲೆ ಅಣ್ಣನ ಕೆನ್ನೆಗೆ ಹೊಡೆಯುತ್ತಾನೆ. ಆಗ ಓವನ್‌ಗೆ 28 ವರ್ಷ, ಬ್ರೆಟ್‌ಗೆ 36. ಮನೆಯ ಕಿರಿಯ ಮಗ ಎಷ್ಟು ದೊಡ್ಡವನಾದರೂ ಕಿರಿಯವನೇ ಆಗಿ ಉಳಿಯುವ ಸಂಕಟ ಆ ಕುಣಿತದಲ್ಲಿ ಕಾಣುತ್ತದೆ.

ಮುಂದೆ ಬ್ರೆಟ್ ಹಗ್ಗದ ಮೇಲಿಂದ ಹೊರಕ್ಕೆ ಹಾರಿ ಮಂಡಿಗೆ ಪೆಟ್ಟು ಮಾಡಿಕೊಳ್ಳುತ್ತಾನೆ. ಅಲ್ಲಿಂದ ಓವನ್ ಆ ಕಾಲೊಂದನ್ನು ಬಿಟ್ಟು ಬೇರೆ ಕಡೆ ಕೈ ಹಾಕುವುದಿಲ್ಲ. ಮುಗಿಯುವ ರೀತಿಯನ್ನು ಎರಡು ಸಲ ನೋಡಿ. ಬ್ರೆಟ್ ಓವನ್‌ನ ಹೆಗಲ ಮೇಲೆ ಹತ್ತಿ, ಅವನನ್ನು ಸುರುಳಿ ಸುತ್ತಿ ಕೆಡವಿ ಭುಜಗಳನ್ನು ನೆಲಕ್ಕೆ ಒತ್ತಲು ಹೋಗುತ್ತಾನೆ. ಓವನ್ ಸುತ್ತಿಕೊಳ್ಳುವುದಿಲ್ಲ, ಇದ್ದಲ್ಲೇ ಕೆಳಕ್ಕೆ ಕುಳಿತುಬಿಡುತ್ತಾನೆ. ಮೇಲಿದ್ದ ಬ್ರೆಟ್ ಬೆನ್ನ ಮೇಲೆ ಬೀಳುತ್ತಾನೆ, ಓವನ್‌ನ ಭಾರವೆಲ್ಲ ಅವನ ಮೇಲೆ. ಒಂದು, ಎರಡು, ಮೂರು. ಯಾವ ಮೋಸವೂ ಇಲ್ಲ, ಹೊರಗಿನವರ ಸಹಾಯವೂ ಇಲ್ಲ. ಖಳನ ಪಾತ್ರದವನಿಗೆ ಇಂಥ ಶುದ್ಧ ಗೆಲುವನ್ನು ಕೊಡುವುದು ಆ ಕಾಲದಲ್ಲಿ ಅಪರೂಪ. ನಮ್ಮ ಮಟ್ಟಿಯಲ್ಲಾಗಿದ್ದರೆ ಬೆನ್ನು ನೆಲ ಕಂಡ ಕ್ಷಣವೇ ಚಿತ್ ಎಂದು ಕೂಗಿ ಕುಸ್ತಿ ಮುಗಿಸುತ್ತಿದ್ದರು. ಅವರಲ್ಲಿ ಮೂರು ಎಣಿಸುವ ಪದ್ಧತಿ ಇರುವುದರಿಂದ, ಎರಡು ಮತ್ತು ಮೂರರ ನಡುವೆ ಬ್ರೆಟ್‌ಗೆ ತಾನು ಸೋಲುತ್ತಿದ್ದೇನೆ ಎಂದು ಅರಿವಾಗುವಷ್ಟು ಸಮಯ ಸಿಗುತ್ತದೆ. ಅಲ್ಲಿ ಚಿತ್ರ ನಿಲ್ಲಿಸಿ ಅವನ ಮುಖ ನೋಡಿ.

ಸಾಗರದವರಿಗೆ ಒಂದು ಸೇರ್ಪಡೆ. ಕೊನೆಯ ಪಂದ್ಯಕ್ಕೆ ಬ್ರೆಟ್ ಕುಂಟುತ್ತಾ ಬರುತ್ತಾನೆ. ಎರಡು ಗಂಟೆಯ ಹಿಂದಿನ ಪೆಟ್ಟನ್ನು ಅವನು ಮರೆತಿಲ್ಲ. ಮೊದಲ ಪಂದ್ಯ ಮೊದಲೇ ಇದ್ದುದರ ಪ್ರಯೋಜನವನ್ನು ಪೂರ್ತಿ ಪಡೆದದ್ದು ಆ ಕಾಲು.

ಉತ್ತರ 3 (ತೀರ್ಥಹಳ್ಳಿ)

ಇಷ್ಟು ಹೊತ್ತಾದರೂ ಏಣಿಯ ಪಂದ್ಯದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ನನ್ನ ಮಟ್ಟಿಗೆ ಆ ರಾತ್ರಿಯ ಅತ್ಯುತ್ತಮ ಪಂದ್ಯ ರೇಜರ್ ರಮೋನ್ ಮತ್ತು ಶಾನ್ ಮೈಕಲ್ಸ್ ಅವರದೇ. ಹಿಂದಿನ ಇಬ್ಬರು ಮಿತ್ರರು ಕಥೆಯ ದೃಷ್ಟಿಯಿಂದ ಬರೆದದ್ದನ್ನು ಒಪ್ಪಿಯೇ ಈ ಮಾತು ಹೇಳುತ್ತಿದ್ದೇನೆ.

ವಿಷಯ ಸರಳ. 1993ರಲ್ಲಿ ಶಾನ್ ಸಂಸ್ಥೆಯ ಎರಡನೆಯ ದರ್ಜೆಯ ಪಟ್ಟವಾದ ಇಂಟರ್‌ಕಾಂಟಿನೆಂಟಲ್ ಪಟ್ಟವನ್ನು ಅವಧಿಯೊಳಗೆ ಪಣಕ್ಕಿಡಲಿಲ್ಲವೆಂದು ಅದನ್ನು ಅವನಿಂದ ಕಿತ್ತುಕೊಂಡರು, ಆಮೇಲೆ ರೇಜರ್ ಅದನ್ನು ಗೆದ್ದ. ಮರಳಿ ಬಂದ ಶಾನ್ ತನ್ನ ಹಳೆಯ ಬೆಲ್ಟನ್ನೂ ತಂದು, ತಾನು ಯಾರಿಗೂ ಸೋತಿಲ್ಲ, ಪಟ್ಟ ನನ್ನದೇ ಎಂದ. ಎರಡೂ ಬೆಲ್ಟುಗಳನ್ನು ರಿಂಗಿನ ಮೇಲೆ ತೂಗುಹಾಕಿ, ಏಣಿ ಹತ್ತಿ ಎರಡನ್ನೂ ತೆಗೆದವನೇ ಒಡೆಯ ಎಂದು ತೀರ್ಮಾನಿಸಿದರು. ಶಾನ್‌ನ ಕಡೆಯ ಡೀಸಲ್ ಆರಂಭದಲ್ಲೇ ಕೈ ಹಾಕಿದ್ದರಿಂದ ರೆಫರಿ ಅವನನ್ನು ಒಳಗೆ ಕಳಿಸಿದ. ಅಲ್ಲಿಂದ ಮುಂದೆ ಇಬ್ಬರು ಮನುಷ್ಯರು ಮತ್ತು ಒಂದು ಏಣಿ.

ನಮ್ಮ ಮನೆಯಲ್ಲಿ ಪ್ರತಿ ವರ್ಷ ಮೆಣಸು ಕೊಯ್ಯುವಾಗ ಏಣಿಯ ಮೇಲೆ ನಿಂತು ದಿನ ಕಳೆಯುವವನು ನಾನು. ಏಣಿ ಹತ್ತಿದವನಿಗೆ ಗೊತ್ತಿರುವ ಒಂದು ಸಂಗತಿಯೆಂದರೆ, ಮೇಲಕ್ಕೆ ಹೋದಂತೆ ಏಣಿ ನಿಮ್ಮ ಮಾತು ಕೇಳುವುದನ್ನು ನಿಲ್ಲಿಸುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಸೊಂಟ ಅರ್ಧ ಅಡಿ ಆಚೆ ಹೋದರೆ ಏನೂ ಆಗುವುದಿಲ್ಲ, ಮೇಲಿನ ಮೆಟ್ಟಿಲಲ್ಲಿ ಅಷ್ಟೇ ಆಚೆ ಹೋದರೆ ಕಾಲಡಿಯ ಬಿದಿರು ತಿರುಗಿಬಿಡುತ್ತದೆ. ಕೈಗೆ ಎಟುಕದ ಕೊನೆಯ ಗೊಂಚಲಿಗೆ ಚಾಚುವಾಗ ಎಲ್ಲರಿಗೂ ಒಮ್ಮೆಯಾದರೂ ಹೊಟ್ಟೆಯಲ್ಲಿ ತಣ್ಣಗಾಗಿರುತ್ತದೆ. ರೇಜರ್ ಬೆಲ್ಟಿಗೆ ಕೈ ಚಾಚಿದಾಗ ಶಾನ್ ಕೆಳಗಿನಿಂದ ಏಣಿ ತಳ್ಳುವುದನ್ನು ನೋಡಿದರೆ ನನಗೆ ಪ್ರತಿ ಸಲವೂ ಆ ತಣ್ಣಗಿನ ಅನುಭವವೇ ಆಗುತ್ತದೆ. ಇಲ್ಲಿ ನಟನೆಯ ಪಾಲು ಎಷ್ಟೇ ಇರಲಿ, ಏಣಿಗೆ ನಟನೆ ಗೊತ್ತಿಲ್ಲ. ಬೀಳುವವನು ನಿಜವಾಗಿಯೇ ಬೀಳಬೇಕು.

ಶಾನ್ ಏಣಿಯ ಮೇಲಿಂದ ರೇಜರ್‌ನ ಮೈಮೇಲೆ ಹಾರುವ ದೃಶ್ಯವನ್ನು ಎಲ್ಲರೂ ತೋರಿಸುತ್ತಾರೆ, ನಿಮ್ಮ ಅಕ್ಕನ ಮಗನೂ ಅದರ ತುಣುಕನ್ನು ನೋಡಿರಬಹುದು. ನಾನು ಹೇಳಬಯಸುವುದು ಅದರ ಮೊದಲಿನ ಮತ್ತು ನಂತರದ ಮಾತು. ಪಂದ್ಯದ ಮೊದಲ ಭಾಗದಲ್ಲಿ ಏಣಿಯೇ ಇಲ್ಲ, ಇಬ್ಬರೂ ಬರಿಗೈಯಲ್ಲೇ ಸೆಣಸುತ್ತಾರೆ. ಏಣಿ ಒಳಗೆ ಬಂದ ಮೇಲೆ ಶಾನ್ ಅದನ್ನು ಮೊದಲು ಹತ್ತುವುದಕ್ಕೆ ಬಳಸದೆ ಹೊಡೆಯುವುದಕ್ಕೆ ಬಳಸುತ್ತಾನೆ, ರೇಜರ್‌ನ ಹೊಟ್ಟೆಗೆ ಅದರ ತುದಿಯಿಂದ ತಿವಿಯುತ್ತಾನೆ. ಪ್ರತಿ ಹೊಡೆತಕ್ಕೂ ಆ ಏಣಿ ಸ್ವಲ್ಪ ಸ್ವಲ್ಪ ಸೊಟ್ಟಗಾಗುತ್ತಾ ಹೋಗುತ್ತದೆ. ಕೊನೆಯಲ್ಲಿ ಶಾನ್ ಬಿದ್ದು ಅವನ ಕಾಲು ಹಗ್ಗಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಅವನು ಬಿಡಿಸಿಕೊಳ್ಳಲು ಒದ್ದಾಡುತ್ತಿರುವಾಗಲೇ ರೇಜರ್ ಆ ಸೊಟ್ಟ ಏಣಿಯನ್ನು ನಿಧಾನವಾಗಿ ಹತ್ತಿ ಎರಡೂ ಬೆಲ್ಟುಗಳನ್ನು ಕೀಳುತ್ತಾನೆ. ಗೆದ್ದವನು ರೇಜರ್, ಆದರೆ ಆ ರಾತ್ರಿಯಿಂದ ಜನ ನೆನಪಿಟ್ಟುಕೊಂಡದ್ದು ಸೋತ ಶಾನ್‌ನನ್ನು.

1992ರಲ್ಲಿ ಬ್ರೆಟ್ ಮತ್ತು ಶಾನ್ ನಡುವೆಯೇ ಇದೇ ಸಂಸ್ಥೆಯಲ್ಲಿ ಒಂದು ಏಣಿಯ ಪಂದ್ಯ ನಡೆದಿತ್ತು. ಆದರೆ ಇಷ್ಟು ಜನ ನೋಡುವ ಕಾರ್ಯಕ್ರಮದಲ್ಲಿ ಏಣಿ ಬಂದದ್ದು ಇದೇ ಮೊದಲು, ಮುಂದೆ ಬಂದ ಏಣಿಯ ಪಂದ್ಯಗಳೆಲ್ಲ ಇದನ್ನು ನೋಡಿಯೇ ಕಲಿತವು. ಕ್ರಮದ ವಿಚಾರಕ್ಕೆ ಬಂದರೆ ನನ್ನದೊಂದು ತಕರಾರಿದೆ. ಇಂಥ ಪಂದ್ಯದ ಬೆನ್ನಿಗೇ ಪಟ್ಟದ ಪಂದ್ಯ ಇಟ್ಟದ್ದರಿಂದ ಬ್ರೆಟ್ ಮತ್ತು ಯೊಕೊಜುನಾರ ಪಂದ್ಯ ಸೊರಗಿ ಕಾಣುತ್ತದೆ. ಅರ್ಥ್‌ಕ್ವೇಕ್‌ನ 35 ಸೆಕೆಂಡುಗಳನ್ನು ಏಣಿಯ ಪಂದ್ಯದ ಮುಂಚೆ ಇಡುವ ಬದಲು ಅದರ ನಂತರ ಇಟ್ಟಿದ್ದರೆ ಸಭೆಗೆ ಉಸಿರು ಬಿಡಲು ಜಾಗ ಸಿಗುತ್ತಿತ್ತು.

ಉತ್ತರ 4 (ಕೊಪ್ಪ)

ಮೇಲಿನ ಮೂವರೂ ನಾಲ್ಕನೆಯ ಪಂದ್ಯದ ಹೆಸರನ್ನೇ ಎತ್ತಿಲ್ಲ. ಅಲುಂಡ್ರಾ ಬ್ಲೇಜ್ ಮತ್ತು ಲೈಲಾನಿ ಕಾಯ್ ನಡುವಿನ ಮಹಿಳಾ ಪಟ್ಟದ ಪಂದ್ಯ ಮೂರು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತದೆ, ಅದಕ್ಕಿಂತ ಹೆಚ್ಚು ಸಮಯವನ್ನು ಅವರಿಗೆ ಕೊಡಲಿಲ್ಲ. ಆದರೂ ಒಂದು ಸಂಗತಿಯನ್ನು ಹುಡುಗನಿಗೆ ಹೇಳಿ. 1985ರಲ್ಲಿ ಮೊದಲ ರೆಸಲ್‌ಮೇನಿಯಾ ನಡೆದದ್ದು ಇದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ಆ ದಿನ ಇದೇ ಲೈಲಾನಿ ಕಾಯ್ ಪಟ್ಟದೊಡನೆ ಬಂದು ವೆಂಡಿ ರಿಕ್ಟರ್‌ಗೆ ಸೋತಿದ್ದಳು. ಒಂಬತ್ತು ವರ್ಷಗಳ ನಂತರ ಅದೇ ಕಟ್ಟಡದಲ್ಲಿ ಆಕೆಯನ್ನು ಮತ್ತೆ ನಿಲ್ಲಿಸಿ, ಆ ಮಾತನ್ನು ಒತ್ತಿ ಹೇಳುವಷ್ಟು ಬಿಡುವನ್ನೂ ಕೊಡದೆ ಮುಗಿಸಿಬಿಟ್ಟದ್ದು ನನಗೆ ಇವತ್ತಿಗೂ ನೋವಿನ ವಿಷಯ. ಬ್ಲೇಜ್ ಎದುರಾಳಿಯನ್ನು ಹಿಂದಿನಿಂದ ತಬ್ಬಿ ಎತ್ತಿ, ತನ್ನ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಹಿಂದಕ್ಕೆ ಒಗೆಯುವ ಪಟ್ಟನ್ನು ಗಮನಿಸಿ. ಆ ಕಾಲದ ಗಂಡಸರಲ್ಲೂ ಅಷ್ಟು ಚೊಕ್ಕವಾಗಿ ಅದನ್ನು ಹಾಕುವವರು ಬಹಳ ಮಂದಿ ಇರಲಿಲ್ಲ.

ತೀರ್ಥಹಳ್ಳಿಯವರ ತಕರಾರಿಗೆ ನನ್ನ ಉತ್ತರ ಇಷ್ಟೇ. ಬ್ರೆಟ್ ಮತ್ತು ಯೊಕೊಜುನಾರ ಪಂದ್ಯ ಸೊರಗಿದ್ದೇ ಸರಿ. ಏಣಿಯ ಪಂದ್ಯದಷ್ಟೇ ರಭಸದಿಂದ ಅದೂ ನಡೆದಿದ್ದರೆ ಬ್ರೆಟ್‌ನ ದಣಿವನ್ನು ಯಾರೂ ನಂಬುತ್ತಿರಲಿಲ್ಲ. ಯೊಕೊಜುನಾ ತನ್ನ ಕೊನೆಯ ಪಟ್ಟಿಗಾಗಿ, ಬಿದ್ದಿರುವ ಬ್ರೆಟ್‌ನ ಎದೆಯ ಮೇಲೆ ಕುಳಿತುಬಿಡಲು ಮೂಲೆಯ ಹಗ್ಗ ಹತ್ತುತ್ತಾನೆ. 225 ಕಿಲೋ ಮೀರಿದ ಆ ದೇಹ ಹಗ್ಗದ ಮೇಲೆ ಒಮ್ಮೆ ತೂಗಾಡಿ ಆಯ ತಪ್ಪಿ ಹಿಂದಕ್ಕೆ ಬೀಳುತ್ತದೆ. ಬ್ರೆಟ್ ತೆವಳಿ ಹೋಗಿ ಕಾಲು ಹಿಡಿದು ಮೇಲೆ ಒರಗುತ್ತಾನೆ, ರೆಫರಿಯಾಗಿದ್ದ ರಾಡಿ ಪೈಪರ್ ಮೂರು ಎಣಿಸುತ್ತಾನೆ. ಬ್ರೆಟ್ ಅವನನ್ನು ಎತ್ತಿ ಒಗೆಯಲಿಲ್ಲ, ಬಲದಲ್ಲಿ ಮೀರಿಸಲೂ ಇಲ್ಲ. ಒಂದೇ ರಾತ್ರಿ ಎರಡನೆಯ ಸಲ ಕುಂಟುತ್ತಾ ಬಂದವನು, ಅವಕಾಶ ಸಿಗುವವರೆಗೆ ಬಿದ್ದಲ್ಲೇ ಎಚ್ಚರವಾಗಿದ್ದ. ಆ ಪಾತ್ರಕ್ಕೆ ಒಪ್ಪುವ ಗೆಲುವು ಅದೇ.

ಪ್ರಶ್ನೆ ಕೇಳಿದವರಿಂದ (ಹೊಸನಗರ)

ಉತ್ತರಿಸಿದ ಎಲ್ಲರಿಗೂ ಮನಸಾರೆ ವಂದನೆಗಳು. ಮೊನ್ನೆ ಶನಿವಾರ ರಾತ್ರಿ ಊಟ ಮುಗಿಸಿ ಕುಳಿತು ಒಂದು ಪಂದ್ಯವನ್ನೂ ಬಿಡದೆ ನೋಡಿದೆವು. ಏಣಿಯ ಪಂದ್ಯದ ನಡುವೆ ಒಮ್ಮೆ ಕರೆಂಟು ಹೋಯಿತು, ಅರ್ಧ ಗಂಟೆ ಲಾಟೀನಿನ ಬೆಳಕಿನಲ್ಲಿ ಕಾದೆವು. ಆ ಅರ್ಧ ಗಂಟೆಯಲ್ಲಿ ಹುಡುಗ ಏಣಿಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಬ್ರೆಟ್ ಈಗ ಒಳಗೆ ಏನು ಮಾಡುತ್ತಿರಬಹುದು, ಅವನ ಕಾಲಿಗೆ ಯಾರಾದರೂ ಪಟ್ಟಿ ಕಟ್ಟಿರಬಹುದೇ, ತಮ್ಮನೂ ಅದೇ ಕೋಣೆಯಲ್ಲಿ ಇರುತ್ತಾನೆಯೇ ಎಂದು ಒಂದರ ಹಿಂದೊಂದು ಕೇಳಿದ. ಸಾಗರದವರು ಬರೆದದ್ದು ಆಗ ನನಗೆ ಪೂರ್ತಿ ಮನವರಿಕೆಯಾಯಿತು.

ಲೂಗರ್‌ನ ಪಂದ್ಯದಲ್ಲಿ ಅವನು ಎರಡು ಸಲ ಆಕಳಿಸಿದ್ದನ್ನು ಪ್ರಾಮಾಣಿಕವಾಗಿ ತಿಳಿಸುತ್ತೇನೆ. ಆದರೆ ಲೂಗರ್ ಅನರ್ಹನಾದಾಗ ಎದ್ದು ಕುಳಿತು, ಹಾಗಾದರೆ ಇನ್ನು ಉಳಿದವನು ಸೋತವನೇ ಅಲ್ಲವೇ ಮಾವ ಎಂದ. ಕೊನೆಯಲ್ಲಿ ಲೂಗರ್, ರೇಜರ್, ಸ್ಯಾವೇಜ್ ಎಲ್ಲರೂ ಬಂದು ಬ್ರೆಟ್‌ನನ್ನು ಎತ್ತಿಕೊಂಡಾಗ ಅವನ ಕಣ್ಣು ರಿಂಗಿನ ಕಡೆ ಇರಲಿಲ್ಲ. ನಾನು ಬೆರಳು ಮಾಡಿ ತೋರಿಸುವ ಮೊದಲೇ ದಾರಿಯಲ್ಲಿ ನಿಂತ ಓವನ್‌ನನ್ನು ಅವನು ಕಂಡಿದ್ದ. ದೊಡ್ಡಪ್ಪನ ಜಗಲಿಯಲ್ಲಿ ನಾವು ಹನ್ನೆರಡು ಮಂದಿ ಕೇಳಿಕೊಂಡ ಪ್ರಶ್ನೆಯನ್ನು ಅವನು ಕೇಳಲೇ ಇಲ್ಲ. ಅವನು ಕೇಳಿದ್ದು, ಇವರಿಬ್ಬರು ಮತ್ತೆ ಯಾವಾಗ ಆಡಿದರು ಎಂದು.

ಅದೇ ವರ್ಷದ ಆಗಸ್ಟ್ 29ರಂದು ಶಿಕಾಗೋದಲ್ಲಿ, ಸಮ್ಮರ್‌ಸ್ಲ್ಯಾಮ್‌ನಲ್ಲಿ, ಸುತ್ತಲೂ ಉಕ್ಕಿನ ಪಂಜರ ಕಟ್ಟಿ ಪಟ್ಟಕ್ಕಾಗಿ ಆಡಿದರು ಎಂದಷ್ಟೇ ಹೇಳಿದೆ, ಗೆದ್ದವರು ಯಾರೆಂದು ಹೇಳಲಿಲ್ಲ. 1999ರ ಮೇ ತಿಂಗಳಲ್ಲಿ ಕಾನ್ಸಾಸ್ ಸಿಟಿಯಲ್ಲಿ ಓವನ್‌ಗೆ ಆದ ಅಪಘಾತವನ್ನೂ ಅವನ ಸಾವನ್ನೂ ಈಗಲೇ ಹೇಳುವುದು ಬೇಡವೆನಿಸಿತು. ಪಂಜರದ ಪಂದ್ಯವನ್ನು ಬರುವ ಶನಿವಾರ ನೋಡುತ್ತೇವೆ. ಅದಕ್ಕೆ ಮೊದಲು ಜೂನ್‌ನಲ್ಲಿ ಓವನ್ ಕಿಂಗ್ ಆಫ್ ದ ರಿಂಗ್ ಗೆದ್ದ ಕಾರ್ಯಕ್ರಮವನ್ನೂ ತೋರಿಸಬೇಕೇ ಎಂಬುದನ್ನು ಶುಕ್ರವಾರದೊಳಗೆ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.